ಸಂಪಾದಕರ ಉತ್ತರ: ಸದ್ದಿಲ್ಲದ ದೂರವಾಣಿ

ಮಾನ್ಯರೇ,

ಲಾಕ್‌ಡೌನ್ ಕಾಲದ ಕೌಟುಂಬಿಕ ದೌರ್ಜನ್ಯವನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಮೊದಲ ವಾರಗಳಲ್ಲಿ ಕೆಲವೆಡೆ ಸಹಾಯವಾಣಿಗೆ ಬರುವ ಕರೆಗಳೇ ಇಳಿದಿದ್ದವು, ಹೀಗಿರುವಾಗ ದೌರ್ಜನ್ಯ ಹೆಚ್ಚಿತೆಂದು ಬರೆಯುವುದು ಉತ್ಪ್ರೇಕ್ಷೆಯಲ್ಲವೇ ಎಂದು ಕೇಳಿದ್ದೀರಿ. ಕೆಲಸ ಕಳೆದುಕೊಂಡ ಗಂಡಸಿನ ಸಂಕಟವನ್ನೂ ನಾವು ಕಾಣಬೇಕಿತ್ತು ಎಂದಿದ್ದೀರಿ.

ಕರೆಗಳು ಇಳಿದದ್ದು ನಿಜ. ಇಟಲಿಯಲ್ಲಿ 2020ರ ಮಾರ್ಚ್‌ನಲ್ಲಿ ಹಾಗೆಯೇ ಆಯಿತು. ಆದರೆ ಕರೆ ಮಾಡಬೇಕಾದವಳು ಆಗ ಎಲ್ಲಿದ್ದಳು? ಮೊದಲಾದರೆ ಗಂಡ ಕೆಲಸಕ್ಕೆ ಹೋದ ಹೊತ್ತು ಅವಳ ಕೈಯಲ್ಲಿರುತ್ತಿತ್ತು. ಈಗ ಹೊಡೆಯುವವನು ದಿನವಿಡೀ ಪಕ್ಕದ ಕೋಣೆಯಲ್ಲೇ ಕುಳಿತಿದ್ದಾನೆ. ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ನಾಲ್ಕು ಮಾತು ಪಿಸುಗುಟ್ಟಿ, ಹೊರಬರುವ ಮುನ್ನ ಆ ಸಂಖ್ಯೆಯನ್ನು ಫೋನಿನಿಂದ ಅಳಿಸಬೇಕಾದ ಹೆಂಗಸು ಕರೆಯನ್ನೇ ಮಾಡದೆ ಉಳಿದರೆ, ಅದನ್ನು ನೆಮ್ಮದಿಯ ಲೆಕ್ಕಕ್ಕೆ ಬರೆಯಲಾಗದು.

ನೆರವಿಗೆ ನಿಂತವರಿಗೆ ಇದು ಬೇಗ ತಿಳಿಯಿತು. ಸ್ಪೇನಿನ ಕೆನರಿ ದ್ವೀಪಗಳಲ್ಲಿ, ಹೆಂಗಸರು ಹೋಗಬಹುದಾಗಿದ್ದ ಕೆಲವೇ ಜಾಗಗಳಲ್ಲೊಂದಾದ ಔಷಧದಂಗಡಿಯನ್ನೇ ದೂರು ಹೇಳುವ ಜಾಗವಾಗಿಸಿದರು: ‘ಮಾಸ್ಕ್ 19’ ಬೇಕೆಂದು ಕೇಳಿದರೆ ಸಾಕು, ಅಂಗಡಿಯವರು ತುರ್ತು ಸಹಾಯವಾಣಿಗೆ ತಿಳಿಸುತ್ತಿದ್ದರು. (ಸುದ್ದಿ ಹರಡಿದ ಮೇಲೆ ಗಂಡಂದಿರೂ ಅದನ್ನು ಓದಿರುತ್ತಾರಲ್ಲ ಎಂಬ ಅನುಮಾನ ನನಗೂ ಇದೆ.) ಮಾತಾಡಲಾಗದವಳು ಬರೆದಾದರೂ ತಿಳಿಸಲೆಂದು ಭಾರತದ ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಸಂಖ್ಯೆಯೊಂದನ್ನು ತೆರೆಯಿತು.

ಇನ್ನು ಗಂಡಸಿನ ಸಂಕಟ. ಅದು ಸುಳ್ಳೆಂದು ನಾನು ಹೇಳಲಾರೆ. ಕೆಲಸ ಹೆಂಗಸರದ್ದೂ ಹೋಗಿತ್ತು ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಕೆಲಸದಿಂದ ತೆಗೆದ ಮಾಲೀಕನ ಎದುರು ಜೇಬಿನಲ್ಲೇ ಉಳಿದ ಕೈ ಮನೆಗೆ ಬಂದು ಹೆಂಡತಿಯ ಮೇಲೆ ಏಳುತ್ತದೆಂದರೆ, ಎಲ್ಲಿ ಏಳಬೇಕೆಂಬ ಲೆಕ್ಕ ಆ ಕೈಗೆ ಚೆನ್ನಾಗಿಯೇ ಗೊತ್ತಿದೆ.

ಆದರೂ ತಮ್ಮ ಪತ್ರದಿಂದ ನಮ್ಮದೊಂದು ತಪ್ಪು ಕಣ್ಣಿಗೆ ಬಿತ್ತು. ಲಾಕ್‌ಡೌನೇ ದೌರ್ಜನ್ಯವನ್ನು ಹುಟ್ಟಿಸಿತು ಎಂಬ ಅರ್ಥ ಬರುವಂತೆ ಶೀರ್ಷಿಕೆ ಕೊಟ್ಟಿದ್ದೆವು. 2000ದಿಂದ 2018ರವರೆಗಿನ, ಅಂದರೆ ಕೋವಿಡ್‌ಗೆ ಮೊದಲಿನ ಮಾಹಿತಿಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಅಂದಾಜಿನಲ್ಲೇ, ಜಗತ್ತಿನ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಮಹಿಳೆ ಬದುಕಿನಲ್ಲೊಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವಳು. ಲಾಕ್‌ಡೌನ್ ಕಿತ್ತುಕೊಂಡದ್ದು ಅವಳು ಎದ್ದು ಅಕ್ಕನ ಮನೆಗೋ ಗೆಳತಿಯ ಮನೆಗೋ ಹೊರಡಬಹುದಾಗಿದ್ದ ದಾರಿಯನ್ನು. ಶೀರ್ಷಿಕೆಯ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

– ಸಂ.