ಹೊಲಿದ ಹೊಟ್ಟೆಯನ್ನು ಮತ್ತೆ ತೆರೆದಿದ್ದೇಕೆ?

ಪ್ರಶ್ನೆ: ಬೈಕ್ ಅಪಘಾತದಲ್ಲಿ ನನ್ನ ತಮ್ಮನ ಲಿವರ್‌ಗೆ ಪೆಟ್ಟಾಗಿ, ಅಂದು ರಾತ್ರಿಯೇ ಆಪರೇಷನ್ ಮಾಡಿದರು. ಮರುದಿನ ಹೊಟ್ಟೆ ಬಿಗಿದುಕೊಂಡು ಮೂತ್ರ ನಿಂತುಹೋಯಿತು. ವೈದ್ಯರು ಹೊಲಿಗೆ ಬಿಚ್ಚಿ, ಕರುಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹೊಟ್ಟೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಮೊದಲ ಆಪರೇಷನ್ ಕೆಟ್ಟಿತೇ? ಲಿವರ್‌ಗೆ ಪೆಟ್ಟಾದರೆ ಕಿಡ್ನಿ ಏಕೆ ನಿಲ್ಲಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರೋಗಿಯನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದಿರುವ ಲಕ್ಷಣಗಳು ‘ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್’, ಅಂದರೆ ಹೊಟ್ಟೆಯೊಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುವ ಸ್ಥಿತಿಗೆ ಹೊಂದುತ್ತವೆ. ಮೊದಲ ಶಸ್ತ್ರಚಿಕಿತ್ಸೆ ಸರಿಯಾಗಿಯೇ ನಡೆದಿದ್ದರೂ ಇದು ಬರಬಹುದು.

ಹೊಟ್ಟೆಯ ಗೋಡೆ ಒಂದು ಮಿತಿಯವರೆಗೆ ಮಾತ್ರ ಹಿಗ್ಗುತ್ತದೆ. ಒಳಗೆ ಸೋರಿದ ರಕ್ತ, ರಕ್ತಸ್ರಾವ ತಡೆಯಲು ಲಿವರ್ ಸುತ್ತ ಒತ್ತಿಟ್ಟ ಬಟ್ಟೆ, ಆಘಾತದಿಂದಲೂ ಜೀವ ಉಳಿಸಲು ಕೊಟ್ಟ ಸಲೈನ್‌ನಿಂದಲೂ ಊದಿಕೊಂಡ ಕರುಳು, ಇವೆಲ್ಲ ಸೇರಿ ಜಾಗ ಸಾಲದಾದಾಗ ಒತ್ತಡ ಏರತೊಡಗುತ್ತದೆ. ಆಗ ಮೂತ್ರಪಿಂಡದ ರಕ್ತನಾಳಗಳು ಅದುಮಿ ಹೋಗಿ, ಪೆಟ್ಟೇ ಬೀಳದ ಕಿಡ್ನಿಯೂ ಕೆಲಸ ನಿಲ್ಲಿಸುತ್ತದೆ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಮೇಲಕ್ಕೆ ತಳ್ಳಲ್ಪಡುವುದರಿಂದ ಶ್ವಾಸಕೋಶ ಹಿಗ್ಗುವುದಿಲ್ಲ, ವೆಂಟಿಲೇಟರ್ ಹೆಚ್ಚು ಒತ್ತಡದಿಂದ ಗಾಳಿ ತುಂಬಬೇಕಾಗುತ್ತದೆ. ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಹೊಟ್ಟೆಗೆ ಪೆಟ್ಟೇ ಆಗದ, ತೀವ್ರ ಸುಟ್ಟಗಾಯದ ರೋಗಿಗಳಲ್ಲಿಯೂ ಇದು ಕಾಣಿಸುವುದುಂಟು. ಅತಿಯಾದ ಸಲೈನ್ ಹೀಗೆ ಊತ ತರುವುದರಿಂದಲೂ ತೀವ್ರ ರಕ್ತಸ್ರಾವವಾದವರಿಗೆ ಈಗ ಸಲೈನನ್ನು ಮಿತಿಯಲ್ಲಿಟ್ಟು, ರಕ್ತವನ್ನೂ ಪ್ಲಾಸ್ಮಾವನ್ನೂ ಬೇಗ ಕೊಡುತ್ತಾರೆ.

ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿ ಈ ಒತ್ತಡವನ್ನು ಅಂದಾಜು ಮಾಡುವುದು, ಅನುಭವಿ ವೈದ್ಯರಿಗೂ, ನಂಬಲರ್ಹವಲ್ಲ. ಮೂತ್ರದ ಕೊಳವೆಯ ಮೂಲಕ ಮೂತ್ರಕೋಶಕ್ಕೆ ಗರಿಷ್ಠ 25 ಮಿ.ಲೀ. ಸಲೈನ್ ಬಿಟ್ಟು, ರೋಗಿ ಉಸಿರು ಬಿಟ್ಟ ಕೊನೆಯ ಕ್ಷಣದಲ್ಲಿ ಅಳೆಯುತ್ತಾರೆ. ತೀವ್ರ ಅಸ್ವಸ್ಥರಲ್ಲಿ ಅದು ಸಾಮಾನ್ಯವಾಗಿ ಪಾದರಸದ 5–7 ಮಿ.ಮೀ. ಇರುತ್ತದೆ. ಸತತವಾಗಿ 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ ಬೇಕು. 20 ಮೀರಿ ನಿಂತು, ಹೊಸದಾಗಿ ಯಾವುದಾದರೂ ಅಂಗ ಸೋತರೆ ಅದೇ ಈ ಸಿಂಡ್ರೋಮ್.

ಹೊಟ್ಟೆಗೆ ಕೊಳವೆ ಹಾಕಿ ಗಾಳಿ, ದ್ರವ ತೆಗೆಯುವುದು, ನೋವು ತಗ್ಗಿಸಿ ಸ್ನಾಯುಗಳನ್ನು ಸಡಿಲಗೊಳಿಸುವುದು ಮೊದಲ ಹೆಜ್ಜೆಗಳು. ಇವು ಫಲಿಸದಿದ್ದರೆ ಹೊಟ್ಟೆ ತೆರೆಯಲೇಬೇಕು. ಕಾಯುತ್ತ ಕುಳಿತರೆ ಕರುಳು ರಕ್ತವಿಲ್ಲದೆ ಸಾಯಬಹುದು. ನೀವು ಕಂಡ ಪ್ಲಾಸ್ಟಿಕ್ ಹಾಳೆ ಬಹುಶಃ ‘ಬೊಗೋಟಾ ಬ್ಯಾಗ್’ ಇರಬೇಕು. ಕೊಲಂಬಿಯಾದ ರಾಜಧಾನಿಯ ಶಸ್ತ್ರವೈದ್ಯರು 1980ರ ದಶಕದಲ್ಲಿ ಕ್ರಿಮಿರಹಿತ ಸಲೈನ್ ಚೀಲವನ್ನೇ ಕತ್ತರಿಸಿ ಹೊಲಿದು ರೂಢಿಗೆ ತಂದ ಉಪಾಯವಿದು. ಕಡಿಮೆ ಖರ್ಚಿನದು, ಒಳಗಿನ ಕರುಳಿನ ಬಣ್ಣವೂ ಹೊರಗಿನಿಂದಲೇ ಕಾಣುತ್ತದೆ. ಅನುಕೂಲವಿರುವೆಡೆ ದ್ರವವನ್ನು ಹೀರಿ ತೆಗೆಯುವ ನಿರ್ವಾತ ಪಟ್ಟಿಯನ್ನು ಬಳಸುತ್ತಾರೆ.

ತೆರೆದ ಹೊಟ್ಟೆಯಿಂದ ದ್ರವವೂ ಪ್ರೋಟೀನೂ ನಷ್ಟವಾಗುವುದರಿಂದ ಪೋಷಣೆಗೆ ಹೆಚ್ಚಿನ ಗಮನ ಬೇಕು. ತಡವಾದಷ್ಟೂ ಕರುಳು ತೂತಾಗಿ ಸೋರುವ ಅಪಾಯ ಹೆಚ್ಚು. ಆದ್ದರಿಂದ ಊತ ಇಳಿದ ಕೂಡಲೇ, ಸಾಧ್ಯವಾದರೆ ಒಂದು ವಾರದೊಳಗೆ, ಮುಚ್ಚಲು ಯತ್ನಿಸುತ್ತಾರೆ. ಈಗ ಒತ್ತಡ ಎಷ್ಟಿದೆ, ಮೂತ್ರ ಮರಳಿದೆಯೇ, ಮುಚ್ಚುವ ಯೋಜನೆ ಯಾವಾಗ ಎಂದು ವೈದ್ಯರನ್ನು ನೇರವಾಗಿ ಕೇಳಿ. ಸ್ನಾಯುಗಳನ್ನು ಸೇರಿಸಲಾಗದಿದ್ದರೆ ಸದ್ಯಕ್ಕೆ ಚರ್ಮವನ್ನಷ್ಟೇ ಮುಚ್ಚಿ, ಸ್ನಾಯುಗಳ ನಡುವೆ ಉಳಿದ ತೆರಪನ್ನು (ಹರ್ನಿಯಾ) ಹಲವು ತಿಂಗಳ ನಂತರ ಸರಿಪಡಿಸುತ್ತಾರೆ.