ಇಫ್-ಎಲ್ಸ್ ಇರುವಾಗ ಬೇರೆ ಭಾಷೆ ಯಾಕೆ?

ಕೆಲಸದ ಹೊರೆ, ಅಂದರೆ ಲೋಡ್, ಏರಿಳಿದಂತೆ ತಾನಾಗಿಯೇ ಹೊಂದಿಕೊಳ್ಳುವ ಸಾಫ್ಟ್‌ವೇರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ಲೋಡ್ ಜಾಸ್ತಿಯಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಅಂತ ಯಾವ ಭಾಷೆಯಲ್ಲಾದರೂ ಬರೆಯಬಹುದು. ಅದಕ್ಕೆಂದೇ ಬೇರೆ ಪ್ರೋಗ್ರಾಮಿಂಗ್ ಭಾಷೆ ಯಾಕೆ ಬೇಕು? ನನ್ನ ಪ್ರಾಜೆಕ್ಟ್‌ಗೆ ಇದು ವಿಷಯವಾಗಬಹುದೇ?"

ಸಂಪಾದಕರ ಉತ್ತರ:

ಬರೆಯಬಹುದು, ನಿಜ. ಆದರೆ "ಹೀಗಾದರೆ ಹಾಗೆ ಮಾಡು" ಎನ್ನುವ ಆ ಇಫ್‌ಗಳು ಹತ್ತಾರು ಫೈಲ್‌ಗಳಲ್ಲಿ ಚದುರಿ ಹೋಗುತ್ತವೆ. ಮುಂದೊಂದು ದಿನ "ಈ ಸಿಸ್ಟಮ್ ಯಾವಾಗ ಬದಲಾಗುತ್ತೆ, ಯಾಕೆ?" ಎಂದು ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸಲು ಜಾಗವೇ ಇರುವುದಿಲ್ಲ. ಬೇರೆ ಭಾಷೆ ಬೇಕು ಅನ್ನಲು ನನಗೆ ಇದೇ ದೊಡ್ಡ ಕಾರಣ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗಾರ್ಲನ್, ಶಾಂಗ್-ವೆನ್ ಚೆಂಗ್ ಮತ್ತವರ ಜೊತೆಗಾರರು ಓಡುತ್ತಿರುವ ಸಾಫ್ಟ್‌ವೇರ್ ಮೇಲೆ ಕಣ್ಣಿಟ್ಟು, ಬೇಕಾದಾಗ ಅದನ್ನು ಬದಲಿಸುವ ರೇನ್‌ಬೋ ಎಂಬ ವ್ಯವಸ್ಥೆ ಕಟ್ಟಿದರು. ಅದರಲ್ಲಿ ನಿರ್ಧಾರಗಳನ್ನು ಬರೆಯಲು ಸ್ಟಿಚ್ ಎಂಬ ಪುಟ್ಟ ಭಾಷೆ ಇದೆ. ಅವರು ಪ್ರಯೋಗಕ್ಕೆ ಬಳಸಿದ್ದು ಒಂದು ಮಾದರಿ ಸುದ್ದಿತಾಣ. ಓದುಗರು ಒಮ್ಮೆಲೇ ನುಗ್ಗಿದಾಗ ಎರಡು ದಾರಿ: ಇನ್ನೊಂದು ಸರ್ವರ್ ಸೇರಿಸುವುದು, ಅದಕ್ಕೆ ದುಡ್ಡು ಬೇಕು. ಇಲ್ಲವೇ ಚಿತ್ರ, ವಿಡಿಯೊ ಬಿಟ್ಟು ಬರೀ ಪಠ್ಯ ಕೊಡುವುದು, ಆಗ ಓದುಗರಿಗೆ ಬೇಸರ. ಸ್ಟಿಚ್‌ನಲ್ಲಿ ಇಂಥ ಪ್ರತಿಯೊಂದು ಕ್ರಮಕ್ಕೂ ಮೂರು ಭಾಗ: ಯಾವಾಗ ಬಳಸಬಹುದು, ಏನು ಮಾಡಬೇಕು, ಮಾಡಿದ ಮೇಲೆ ಏನಾಗಬೇಕು. ಈ ಮೂರನೆಯದನ್ನು ನಾವು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಅಲ್ವಾ?

ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟ. ಒಂದು ಕ್ರಮದ ಫಲ ನೋಡಲು ಎಷ್ಟು ಹೊತ್ತು ಕಾಯಬೇಕು ಎಂಬುದೂ ಆ ಭಾಷೆಯ ವ್ಯಾಕರಣದಲ್ಲೇ ಇದೆ. ಹೊಸ ಸರ್ವರ್ ಶುರುವಾಗಿ ಲೋಡ್ ಹೊರಲು ಸ್ವಲ್ಪ ಸಮಯ ಹಿಡಿಯುತ್ತದೆ. ಕಾಯದಿದ್ದರೆ ಅಷ್ಟರಲ್ಲಿ ಪ್ರೋಗ್ರಾಂ ಮತ್ತೆ ಅಳೆದು, "ಇನ್ನೂ ನಿಧಾನ" ಎಂದು ಇನ್ನೊಂದು ಸರ್ವರ್, ಮಗದೊಂದು ಸರ್ವರ್ ಹಚ್ಚುತ್ತಾ ಹೋಗುತ್ತದೆ. ಆಮೇಲೆ ಸರ್ವರ್ ಜಾಸ್ತಿಯಾಯಿತೆಂದು ಬಂದ್ ಮಾಡುತ್ತದೆ. ಮತ್ತೆ ನಿಧಾನ, ಮತ್ತೆ ಹಚ್ಚು. ಕಾಯುವ ಹೊತ್ತು ಕೋಡ್‌ನ ಯಾವುದೋ ಮೂಲೆಯಲ್ಲಿ ಸ್ಲೀಪ್ (ಸುಮ್ಮನೆ ಕಾಯಿಸುವ ಆದೇಶ) ಆಗಿ ಕುಳಿತಿದ್ದರೆ ಈ ತೂಗಾಟದ ಕಾರಣ ಹುಡುಕುವುದು ಬಲು ಕಷ್ಟ.

ನಿರ್ಧಾರ ಆಯಿತು, ಆದರೆ ಓಡುತ್ತಿರುವ ಪ್ರೋಗ್ರಾಂ ಬದಲಾಯಿಸುವುದು ಹೇಗೆ? ಇದಕ್ಕೆ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ನೋಡಿ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇದರ ಕೆಲಸ ಶುರು ಮಾಡಿದರು. ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಗೂಡಿದರು. ಟೆಲಿಫೋನ್ ಎಕ್ಸ್‌ಚೇಂಜ್ ನಿಲ್ಲಿಸಿ ಸಾಫ್ಟ್‌ವೇರ್ ಬದಲಿಸಿದರೆ ಮಾತಾಡುತ್ತಿದ್ದವರ ಕರೆ ಕಡಿದುಹೋಗುತ್ತದೆ. ಹಾಗಾಗಿ ಒಂದೇ ಮಾಡ್ಯೂಲ್‌ನ (ಪ್ರೋಗ್ರಾಂನ ಒಂದು ತುಂಡಿನ) ಹಳೆಯ, ಹೊಸ ಆವೃತ್ತಿ ಎರಡೂ ಒಟ್ಟಿಗೆ ಇರಲು ಎರ್ಲಾಂಗ್ ಬಿಡುತ್ತದೆ. ಕೆಟ್ಟು ನಿಂತ ಪ್ರೊಸೆಸ್‌ಗಳನ್ನು, ಅಂದರೆ ಓಡುತ್ತಿದ್ದ ಕೆಲಸಗಳನ್ನು, ಅವುಗಳ ಮೇಲೆ ಕಣ್ಣಿಡುವ ಸೂಪರ್‌ವೈಸರ್ ಮತ್ತೆ ಎಬ್ಬಿಸುತ್ತದೆ. ಗೊತ್ತುಮಾಡಿದ ಸಮಯದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಸಲ ಎಬ್ಬಿಸಬೇಕಾಗಿ ಬಂದರೆ ತಾನೂ ನಿಂತು, ವಿಷಯವನ್ನು ತನ್ನ ಮೇಲಿನ ಸೂಪರ್‌ವೈಸರ್‌ಗೆ ಬಿಡುತ್ತದೆ.

ಹಾಗಂತ ಇಡೀ ಸಾಫ್ಟ್‌ವೇರನ್ನು ಹೊಸ ಭಾಷೆಯಲ್ಲಿ ಬರೆಯಿರಿ ಎಂದು ನಾನು ಹೇಳಲಾರೆ. ಹೊಸ ಭಾಷೆಗೆ ತಪ್ಪು ಹುಡುಕಿಕೊಡುವ ಡೀಬಗ್ಗರ್ ಬೇಕು, ಗೊತ್ತಿರುವ ಜನ ಬೇಕು. ಮಾಮೂಲಿ ಕೆಲಸ ಜಾವಾ, ಪೈಥಾನ್‌ನಲ್ಲೇ ಇರಲಿ. ಬದಲಾಗುವ ನಿರ್ಧಾರಕ್ಕಷ್ಟೇ ಪುಟ್ಟ ಭಾಷೆ ಸಾಕು.

ಪ್ರಾಜೆಕ್ಟ್‌ಗೆ ಖಂಡಿತ ಆಗುತ್ತದೆ. ಒಂದು ಸಣ್ಣ ವೆಬ್ ಸರ್ವರ್ ತೆಗೆದುಕೊಳ್ಳಿ. ಎರಡೇ ಕ್ರಮ ಬರೆಯಿರಿ, ಪ್ರತಿಯೊಂದಕ್ಕೂ ಕಾಯುವ ಹೊತ್ತು ಸೇರಿಸಿ, ಸರ್ವರ್ ಉತ್ತರಿಸಲು ಹಿಡಿಯುವ ಸಮಯದ ಗ್ರಾಫ್ ಹಾಕಿ. ಆಮೇಲೆ ಆ ಹೊತ್ತನ್ನು ಸೊನ್ನೆಗಿಳಿಸಿ, ಲೋಡ್ ಏರಿಸಿ, ಮತ್ತೆ ಗ್ರಾಫ್ ನೋಡಿ. ಎರಡೂ ಗ್ರಾಫ್ ನಮಗೆ ಕಳಿಸಿದರೆ ಖುಷಿಯಿಂದ ಪ್ರಕಟಿಸುತ್ತೇವೆ.