ಟಿಪ್ಪಣಿ ಸಿಗುತ್ತಿಲ್ಲವೆಂದು ಆ್ಯಪ್ ಬದಲಿಸಬೇಡಿ

3 ಸಾವಿರ ಟಿಪ್ಪಣಿ ಇದೆ, ಬೇಕಾದಾಗ ಒಂದೂ ಸಿಗುವುದಿಲ್ಲ, ಹುಡುಕಾಟ ಚೆನ್ನಾಗಿರುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಮೂರು ಆ್ಯಪ್ ಬದಲಿಸಿದ್ದೇನೆ. ಅಷ್ಟರೊಳಗೆ ಅಮ್ಮನ ಎರಡು ಬಳೆ ಹೋಗಿತ್ತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮಲಯಾಳ. ಕಾಗದಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ದೀಪಾವಳಿ ಮುಗಿದ ವಾರ ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿತ್ತು, ಕೈಯಲ್ಲಿ ದುಡ್ಡಿಲ್ಲ. ಅಮ್ಮ ಬಳೆ ಬಿಚ್ಚಿ ಕೊಟ್ಟರು. ಒಂದು ಬ್ಯಾಂಕಿನಲ್ಲಿ ಒಂದು ವರ್ಷದ ಗಡುವಿಗೆ ಅಡವಿಟ್ಟೆ.

ಕೌಂಟರಿನಲ್ಲಿದ್ದವರು ಮಲಯಾಳದಲ್ಲಿ ‘ಪಣಯಂ’ ಅಂದರು. ನಾನು ನಿಂತಲ್ಲೇ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಪಣಯಂ 2 ವಳ’ ಅಂತ ಒತ್ತಿದೆ. ಪಣಯಂ ಅಂದರೆ ಅಡವು, ವಳ ಅಂದರೆ ಬಳೆ. ಅಷ್ಟೇ ಬರೆದದ್ದು. ರಶೀದಿ ಆಸ್ಪತ್ರೆಯ ಫೈಲಿನೊಳಗೆ ಸೇರಿಹೋಯಿತು.

ಮುಂದಿನ ನವರಾತ್ರಿಗೆ ಅಮ್ಮ ಕೇಳಿದರು, “ಬಳೆ ಬಿಡಿಸುವುದು ಯಾವಾಗ?” ‘ಬಳೆ’ ಅಂತ ಹುಡುಕಿದೆ, ಇಲ್ಲ. ‘ಅಡವು’ ಇಲ್ಲ. ‘ಚಿನ್ನ’ ಇಲ್ಲ. ಸರಿ, ಬರೆದೇ ಇಲ್ಲ ಅಂದುಕೊಂಡು ನೆನಪನ್ನು ನಂಬಿದೆ. ಶಿವರಾತ್ರಿ ಹೊತ್ತಿಗೆ ಇಟ್ಟದ್ದು ಅಂತ ನನ್ನ ಲೆಕ್ಕ. ಗಡುವು ಮುಗಿದು ನೋಟಿಸ್ ಬಂತು, ಮಲಯಾಳದಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕರೆಂಟ್ ಬಿಲ್ಲಿನ ಜೊತೆ ಎತ್ತಿಟ್ಟಿದ್ದರು. ಶಿವರಾತ್ರಿಗೆ ನಾನು ಹೋದಾಗ ಹರಾಜು ಆಗಿತ್ತು.

ತಪ್ಪು ಎಲ್ಲಿ ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ನಾನು ಜಾಸ್ತಿ ದಿನ ಆ್ಯಪನ್ನೇ ದೂರಿದ್ದೆ. ಸಾಮಾನ್ಯ ಹುಡುಕಾಟ ಅರ್ಥ ನೋಡುವುದಿಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ನಾನು ಕೇಳಿದ್ದು ಕನ್ನಡದ ಬಳೆ, ಒಳಗಿದ್ದದ್ದು ಇಂಗ್ಲಿಷ್ ಅಕ್ಷರದ ಮಲಯಾಳ. ಬರೆಯುವಾಗ ಬ್ಯಾಂಕಿನವರ ಮಾತಿನಲ್ಲಿ ಬರೆದೆ, ಹುಡುಕುವಾಗ ಅಮ್ಮನ ಮಾತಿನಲ್ಲಿ ಹುಡುಕಿದೆ. ‘ಸಿಗಲಿಲ್ಲ’ ಅಂತ ಬಂದದ್ದನ್ನು ‘ಬರೆದಿಲ್ಲ’ ಅಂತ ಓದಿಕೊಂಡೆ. ಇದು ಇನ್ನೂ ದೊಡ್ಡ ತಪ್ಪು.

ಎಐ ಹುಡುಕಾಟ ಇರುವ ಆ್ಯಪ್ ತೆಗೆದುಕೊಳ್ಳಲಾ ಅಂತಲೂ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ. ಅರ್ಥ ನೋಡಿ ಹುಡುಕುವ ವ್ಯವಸ್ಥೆಗೂ ಟಿಪ್ಪಣಿಯಲ್ಲಿ ಒಂದಿಷ್ಟು ವಿವರ ಇದ್ದರೆ ಒಳ್ಳೆಯದು. ಎರಡು ಮುರುಕು ಪದದಿಂದ ಅದಕ್ಕೆ ಏನು ಗೊತ್ತಾಗಬೇಕು? ಮೇಲಾಗಿ ಅದು ಹತ್ತಿರದ್ದು ಅಂತ ಯಾವುದನ್ನಾದರೂ ತಂದು ಮುಂದಿಡುತ್ತದೆ.

ಈಗ ನಾನು ಪ್ರತಿ ಟಿಪ್ಪಣಿಯ ಕೊನೆಗೆ, ಮನೆಯವರು ಅದನ್ನು ಹೇಗೆ ಕೇಳಿಯಾರೋ ಹಾಗೆ, ಒಂದು ಸಾಲು ಬರೆಯುತ್ತೇನೆ: ಅಮ್ಮ, ಬಳೆ, ಚಿನ್ನ, ಅಡವು, ಪಣಯಂ, ಗಡುವು. ಕನ್ನಡದಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ. ಹುಡುಕುವಾಗ ಪೂರ್ತಿ ಪದ ಹಾಕುವುದಿಲ್ಲ. ‘ಅಡವು’ ಅಂತ ಹಾಕಿದರೆ ‘ಅಡವಿಟ್ಟೆ’ ಸಿಗುವುದಿಲ್ಲ. ‘ಅಡವ’ ಅಂತ ನಿಲ್ಲಿಸಿದರೆ, ಪದದ ತುಂಡನ್ನೂ ಹುಡುಕುವ ಆ್ಯಪಿನಲ್ಲಿ ಎರಡೂ ಸಿಗುತ್ತವೆ. ‘ಸಾಫ್ಟ್‌ವೇರ್’ ಥರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಹುಡುಕುವಾಗ ಅದು ಬಿಟ್ಟುಹೋದರೆ ಪದ ಸಿಗದೇ ಹೋಗಬಹುದು. ಅಂಥದ್ದಕ್ಕೆ ‘ಸಾಫ್ಟ್’ ಸಾಕು.

ಆ್ಯಪ್ ಮಾಡುವವರಿಗೆ ಬರೆಯುವುದಾದರೆ ಎರಡೇ ಕೇಳಿ. ಬಳೆ ಅಂದರೆ ವಳ ಅಂತ ನಾವೇ ಸೇರಿಸಬಹುದಾದ ಒಂದು ಪದಪಟ್ಟಿ. ಮತ್ತೆ, ಲಿಪಿ ಯಾವುದಾದರೂ ಒಂದೇ ಅಂತ ನೋಡುವ ಹುಡುಕಾಟ. ಇದು ಆಗದ ಕೆಲಸ ಅಲ್ಲ. ಕಂಪ್ಯೂಟರಿಗಾಗಿ ಎಲ್ಲ ಲಿಪಿಯ ಅಕ್ಷರಗಳಿಗೂ ನಂಬರು ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ‘ಕ’ ಇರುವ ಜಾಗದಿಂದ ಸರಿಯಾಗಿ 128 ಮನೆ ಮುಂದೆ ಮಲಯಾಳದ ‘ಕ’ ಇದೆ, ಹೆಚ್ಚಿನ ಅಕ್ಷರಗಳೂ ಹಾಗೇ.

3 ಸಾವಿರವನ್ನೂ ಸುಮ್ನೆ ತಿದ್ದಲು ಕೂರಬೇಡಿ. ದುಡ್ಡು, ಗಡುವು, ಆಸ್ಪತ್ರೆ, ಜಾಗದ ದಾಖಲೆ, ಇವಿಷ್ಟನ್ನು ಮೊದಲು ಹೆಕ್ಕಿ. ನನಗೆ ಎರಡು ಭಾನುವಾರ ಹಿಡಿಯಿತು. ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡಿದ್ದೆ. ಒಂದೊಂದು ಟಿಪ್ಪಣಿ ಓದಿ, “ಇದನ್ನು ನೀವು ಏನಂತ ಕೇಳುತ್ತೀರಿ?” ಅಂದೆ. ಅವರು ಹೇಳಿದ ಪದವನ್ನೇ ಕೆಳಗೆ ಬರೆದೆ.